ಗೇಮ್ ಬಿಡದ ಕೈ, ವಯಲಿನ್ ಎತ್ತದ ಕೈ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಕ್ಕಳಿಗೆ ವಯಲಿನ್ ಕಲಿಸುತ್ತೇನೆ. ಪಾಠ ಮುಗಿದು ಮಗು ಚಪ್ಪಲಿ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ, ಬಾಗಿಲ ಬಳಿ ನಿಂತು, ದನಿ ತಗ್ಗಿಸಿ, ಮಗು ಪ್ರಾಕ್ಟೀಸ್ ಬಿಟ್ಟು ವಿಡಿಯೋ ಗೇಮ್‌ಗೆ ಅಂಟಿಕೊಂಡಿರುವ ಬಗ್ಗೆ ಅಪ್ಪ ಅಮ್ಮ ಕೇಳುವ ಪ್ರಶ್ನೆಗಳಿವು. ಕೆಲವು ಪತ್ರದಲ್ಲಿ ಬಂದವು. ಕೊನೆಯದನ್ನು ಕೇಳಿದ್ದು ಒಬ್ಬ ಹುಡುಗ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ವಯಲಿನ್ ಅಂತ ಇರುವಲ್ಲಿ ಕೊಳಲು, ಕೀಬೋರ್ಡ್, ಹಾಡುಗಾರಿಕೆ, ನಿಮ್ಮ ಮನೆಯಲ್ಲಿ ಯಾವುದಿದೆಯೋ ಅದನ್ನು ಓದಿಕೊಳ್ಳಿ.

## ಮೊದಮೊದಲ ಗೊಂದಲ

"ನಮ್ಮ ಮಗನಿಗೆ ನಿಜವಾಗ್ಲೂ ಪ್ರತಿಭೆ ಇದ್ಯಾ, ಇಲ್ಲಾ ಹೆತ್ತವರ ಕಣ್ಣಿಗೆ ಹಾಗೆ ಕಾಣ್ತಿದ್ಯಾ?"

ಯಾರಾದರೂ ಶ್ರುತಿ ತಪ್ಪಿ ಹಾಡಿದರೆ ಮುಖ ಕಿವುಚುತ್ತಾನಾ? ಎಲ್ಲೋ ಕೇಳಿದ ಹಾಡನ್ನು ಯಾರೂ ಹೇಳದೆಯೇ ವಾದ್ಯದಲ್ಲಿ ಹುಡುಕುತ್ತಾನಾ? ಊಟದ ತಟ್ಟೆಯ ಮೇಲೆ ಬೆರಳಲ್ಲಿ ತಾಳ ಹಾಕುವಾಗ ಲಯ ಓಡದೆ ನಿಲ್ಲುತ್ತಾ? ಹಾಗಿದ್ದರೆ ಏನೋ ಇದೆ ಅನ್ನಿ. ಎಷ್ಟಿದೆ ಅಂತ ಅಳೆಯಲು ಹೋಗಬೇಡಿ. ಇದ್ದರೂ ಇಲ್ಲದಿದ್ದರೂ ನಾಳೆ ಸಂಜೆ ನೀವು ಮಾಡಬೇಕಾದ ಕೆಲಸ ಒಂದೇ.

"ಒಂದೇ ಸಲ ಕೇಳಿದ್ರೆ ನುಡಿಸಿಬಿಡ್ತಾಳೆ. ಅಷ್ಟು ಸುಲಭವಾಗಿ ಬರೋವಾಗ ಪ್ರಾಕ್ಟೀಸ್‌ಗೆ ಯಾಕೆ ಕೂರಲ್ಲ?"

ಅಷ್ಟು ಸುಲಭವಾಗಿ ಬಂದಿದ್ದಕ್ಕೇ ಕೂರುವುದಿಲ್ಲ. ಹಾಸ್ಯಕ್ಕೆ ಹೇಳುತ್ತಿಲ್ಲ.

ನನ್ನ ಹತ್ತಿರ ಒಬ್ಬಳು ಹುಡುಗಿ ಇದ್ದಳು. ಸರಳೆ, ಜಂಟಿ, ಅಲಂಕಾರ ಅನ್ನುವ ಮೊದಮೊದಲ ಪಾಠಗಳನ್ನೆಲ್ಲ ಬೇರೆಯವರು ತೆಗೆದುಕೊಳ್ಳುವ ಅರ್ಧ ಸಮಯದಲ್ಲಿ ಮುಗಿಸಿದಳು. ಮನೆಯಲ್ಲಿ ವಾದ್ಯ ಮುಟ್ಟದೆ ಬಂದರೂ ಪಾಠ ಒಪ್ಪಿಸುತ್ತಿದ್ದಳು. ಒಂಬತ್ತನೇ ವಯಸ್ಸಿಗೆ, ಅಭ್ಯಾಸದ ದೊಡ್ಡ ರಚನೆಯಾದ ವರ್ಣಕ್ಕೆ ಬಂದೆವು. ಒಂದನೇ ಕಾಲ ಸಲೀಸು. ಎರಡರಷ್ಟು ವೇಗದ ಎರಡನೇ ಕಾಲಕ್ಕೆ ಹೋದಾಗ ಒಂದು ಸಾಲಿನಲ್ಲಿ ಎಡಗೈ ಬೆರಳು ಮುಂದೆ ಓಡಿತು, ಬಲಗೈ ಕಮಾನು ಹಿಂದೆ ಉಳಿಯಿತು. ಮತ್ತೆ ನುಡಿಸಿದಳು, ಮತ್ತೆ ಅದೇ. ಅವಳ ಕಿವಿ ತಪ್ಪನ್ನು ನಮಗಿಂತ ಚೆನ್ನಾಗಿ ಹಿಡಿಯುತ್ತದೆ, ಅಲ್ವಾ? ಹಾಗಾಗಿ ಅವಳಿಗೆ ನೋವೂ ಜಾಸ್ತಿ. ಸಿಕ್ಕಿಹಾಕಿಕೊಂಡಾಗ ಏನು ಮಾಡಬೇಕು ಅನ್ನುವುದನ್ನು ಅವಳು ಕಲಿತೇ ಇರಲಿಲ್ಲ. ಕಲಿಯುವ ಸಂದರ್ಭವೇ ಬಂದಿರಲಿಲ್ಲ. ಕಷ್ಟಪಟ್ಟು ಕಲಿತ ಮಕ್ಕಳು ಆ ಹೊತ್ತಿಗೆ ಹತ್ತು ಸಲ ಸಿಕ್ಕಿಕೊಂಡು ಹತ್ತು ಸಲ ಬಿಡಿಸಿಕೊಂಡಿರುತ್ತಾರೆ.

ಎರಡು ವಾರ ಬಿಟ್ಟು ಅವರಮ್ಮ ಬಂದು, "ಗೇಮ್ ಹುಚ್ಚು ಹಿಡಿದು ಸಂಗೀತ ಬಿಟ್ಟಿದಾಳೆ" ಅಂದರು. ನನಗೆ ಕಂಡದ್ದು ತಿರುಗುಮುರುಗು. ಮೊದಲು ಆ ಸಾಲು ಕೈಕೊಟ್ಟಿತು, ಆಮೇಲೆ ಗೇಮ್ ಕೈಹಿಡಿಯಿತು. ನಿಮ್ಮ ಮನೆಯಲ್ಲೂ ಗೇಮ್ ಜಾಸ್ತಿಯಾದದ್ದು ಯಾವ ಪಾಠ ಶುರುವಾದಾಗ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ.

"ಗೇಮ್ ಮುಂದೆ ಎರಡು ಗಂಟೆ ಕೂರ್ತಾನೆ, ವಯಲಿನ್ ಹಿಡಿದ್ರೆ ಹತ್ತು ನಿಮಿಷಕ್ಕೆ ಕೈ ನೋವು. ಇದು ಸೋಮಾರಿತನ ಅಲ್ದೆ ಇನ್ನೇನು?"

ಸೋಮಾರಿ ಎರಡು ಗಂಟೆ ಒಂದೇ ಕಡೆ ಗಮನ ಇಟ್ಟು ಕೂರುವುದಿಲ್ಲ. ಅವನು ಆಡುವಾಗ ಒಮ್ಮೆ ಪಕ್ಕದಲ್ಲಿ ಕೂತು ನೋಡಿ. ಒಂದೇ ಜಾಗದಲ್ಲಿ ಇಪ್ಪತ್ತು ಸಲ ಸಾಯುತ್ತಾನೆ. ಇಪ್ಪತ್ತೊಂದನೇ ಸಲ ಮತ್ತೆ ಶುರು ಮಾಡುತ್ತಾನೆ. ನಮಗೆ ಪ್ರಾಕ್ಟೀಸ್‌ನಲ್ಲಿ ಬೇಕಾದದ್ದೂ ಅದೇ ಗುಣ.

ಗೇಮ್ ಮಾಡುವವರು ಕೆಲವು ಕೆಲಸವನ್ನು ಚೆನ್ನಾಗಿ ಮಾಡಿರುತ್ತಾರೆ. ಮುಂದೆ ಏನು ಮಾಡಬೇಕು ಅನ್ನುವುದು ಸ್ಪಷ್ಟ. ತಪ್ಪಾದರೆ ಆ ಕ್ಷಣವೇ ಗೊತ್ತಾಗುತ್ತದೆ, ಯಾರೂ ಬೈಯುವುದಿಲ್ಲ, ಸೋತ ಜಾಗದ ಹತ್ತಿರದಿಂದಲೇ ಮತ್ತೆ ಶುರು. ಪಾಠದ ಕಥೆ ನೋಡಿ. "ಹೋಗಿ ಅರ್ಧ ಗಂಟೆ ಪ್ರಾಕ್ಟೀಸ್ ಮಾಡು" ಅನ್ನುತ್ತೇವೆ. ಏನು ಮಾಡಬೇಕು, ಯಾವಾಗ ಗೆದ್ದ ಹಾಗೆ, ಎರಡೂ ಹೇಳುವುದಿಲ್ಲ.

ಇನ್ನೊಂದು ಮುಖವೂ ಇದೆ. ಬಹುಮಾನ ಯಾವಾಗ ಸಿಗುತ್ತದೆ ಅಂತ ಗೊತ್ತಿಲ್ಲದೆ, ಆಗೊಮ್ಮೆ ಈಗೊಮ್ಮೆ ಸಿಗುವಂತಿದ್ದರೆ ಪ್ರಾಣಿಗಳು ಪ್ರಯತ್ನವನ್ನು ಬೇಗ ಬಿಡುವುದಿಲ್ಲ ಅಂತ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳನ್ನಿಟ್ಟುಕೊಂಡು ತೋರಿಸಿದ್ದರು. ಎಷ್ಟೋ ಗೇಮ್‌ಗಳ ಉಡುಗೊರೆ ಪೆಟ್ಟಿಗೆ ನಡೆಯುವುದು ಇದೇ ಲೆಕ್ಕದಲ್ಲಿ. ಇದರ ಮುಂದೆ ಒಂದು ಮಗುವಿನ ಮನಸ್ಸನ್ನು ನಿಲ್ಲಿಸಿ, "ಸ್ವಲ್ಪ ಹತೋಟಿ ಇರಲಿ" ಅನ್ನುವುದು ಅನ್ಯಾಯ. ಹತೋಟಿಯ ಕೆಲಸವನ್ನು ಸ್ವಲ್ಪ ಕಾಲ ದೊಡ್ಡವರೇ ಹೊರಬೇಕು.

"ದಿನಕ್ಕೆ ಎಷ್ಟು ಹೊತ್ತು ನುಡಿಸ್ಬೇಕು? ಹತ್ತು ಸಾವಿರ ಗಂಟೆ ಅಂತಾರಲ್ಲ?"

ಅಷ್ಟು ಗಂಟೆ ಅಭ್ಯಾಸ ಮಾಡಿದರೆ ಯಾರಾದರೂ ನಿಪುಣರಾಗುತ್ತಾರೆ ಅನ್ನುವ ಮಾತದು. ಆ ಹತ್ತು ಸಾವಿರದ ಮೂಲ ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ, ಬರ್ಲಿನ್‌ನ ವಯಲಿನ್ ವಿದ್ಯಾರ್ಥಿಗಳ ಅಧ್ಯಯನ. ಅತ್ಯುತ್ತಮರ ಗುಂಪು 20ನೇ ವಯಸ್ಸಿನ ಹೊತ್ತಿಗೆ ಸುಮಾರು 10,000 ಗಂಟೆ ಒಬ್ಬರೇ ಕೂತು ಅಭ್ಯಾಸ ಮಾಡಿದ್ದರು. ಅದು ಸರಾಸರಿ. ದಾಟಬೇಕಾದ ಗೆರೆ ಅಲ್ಲ. ಅದನ್ನು ನಿಯಮ ಮಾಡಿದ್ದನ್ನು ಎರಿಕ್ಸನ್ ಅವರೇ ಒಪ್ಪಲಿಲ್ಲ. ಆ ವಿದ್ಯಾರ್ಥಿಗಳು ನಡುನಡುವೆ ಬಿಡುವು ತೆಗೆದುಕೊಳ್ಳುತ್ತಿದ್ದರು, ಮಧ್ಯಾಹ್ನ ನಿದ್ದೆಯನ್ನೂ ಮಾಡುತ್ತಿದ್ದರು ಅನ್ನುವುದು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ!

ನನ್ನ ಲೆಕ್ಕ ಹೀಗಿದೆ: ಏಳೆಂಟು ವರ್ಷದ ಮಗುವಿಗೆ ಹದಿನೈದು ನಿಮಿಷ, ಹತ್ತು ಹನ್ನೊಂದರವರಿಗೆ ಅರ್ಧ ಗಂಟೆ, ಅದೂ ಎರಡು ಕಂತಿನಲ್ಲಿ. ದಿನಾ ಇರಲಿ. ಭಾನುವಾರ ಒಂದೇ ದಿನ ಎರಡು ಗಂಟೆ ಕೂರಿಸುವುದರಿಂದ ಭುಜ ನೋಯುತ್ತದೆ, ಅಷ್ಟೇ.

## ಮನೆಯಲ್ಲಿ, ದಿನಾ

"ಪ್ರಾಕ್ಟೀಸ್ ಮೊದಲಾ, ಗೇಮ್ ಮೊದಲಾ?"

ಪ್ರಾಕ್ಟೀಸ್ ಮೊದಲು. ಶಿಸ್ತಿಗೋಸ್ಕರ ಈ ಮಾತು ಹೇಳುತ್ತಿಲ್ಲ. ಒಂದು ಗಂಟೆ ಮಿಂಚು, ಸದ್ದು, ಗೆಲುವು ಕಂಡ ಕಣ್ಣಿಗೆ ನಾಲ್ಕು ತಂತಿ ಮಂಕಾಗಿ ಕಾಣುತ್ತದೆ. ಶಾಲೆಯಿಂದ ಬಂದು, ತಿಂಡಿ ತಿಂದು, ಹತ್ತು ನಿಮಿಷ ಸುಮ್ನೆ ಬಿದ್ದುಕೊಂಡಿರಲಿ. ಆಮೇಲೆ ವಾದ್ಯ. ಗಡಿಯಾರದ ಸಮಯಕ್ಕಿಂತ "ತಿಂಡಿ ಆದ ಮೇಲೆ" ಅನ್ನುವ ಗುರುತು ಮಕ್ಕಳಿಗೆ ಚೆನ್ನಾಗಿ ಹಿಡಿಯುತ್ತದೆ.

ವಾದ್ಯ ಪೆಟ್ಟಿಗೆಯೊಳಗೆ, ಪೆಟ್ಟಿಗೆ ಬೀರುವಿನ ಮೇಲೆ ಇದ್ದರೆ ಅದು ಇಳಿಯುವುದಿಲ್ಲ. ಕೈಗೆ ಸಿಗುವ ಹಾಗೆ ಗೋಡೆಯ ಬಳಿ ಇಡಿ. ಗೇಮ್‌ನ ರಿಮೋಟನ್ನು ಬೀರುವಿನ ಮೇಲಿಡಿ.

"ನಿಲ್ಲಿಸು ಅಂದ್ರೆ ಸಾಕು, ಮನೇಲಿ ಯುದ್ಧ. 'ಇನ್ನೊಂದು ಐದು ನಿಮಿಷ' ಮುಗಿಯೋದೇ ಇಲ್ಲ."

ಅವನು ಆಡುವ ಗೇಮ್ ಹೇಗೆ ಮುಗಿಯುತ್ತದೆ ಅಂತ ನಿಮಗೆ ಗೊತ್ತಾ? ಕೆಲವದರಲ್ಲಿ ಎಲ್ಲಿ ಬೇಕಾದರೂ ಸೇವ್ ಮಾಡಬಹುದು. ಕೆಲವದರಲ್ಲಿ ಲೆವೆಲ್ ಮುಗಿಯಬೇಕು. ಗೆಳೆಯರ ಜೊತೆ ಆನ್‌ಲೈನ್ ಮ್ಯಾಚ್ ಇದ್ದರೆ ಮಧ್ಯದಲ್ಲಿ ಎದ್ದವನಿಗೆ ಅಂಕ ಹೋಗುತ್ತದೆ, ತಂಡದವರಿಂದ ಬೈಗುಳ ಬೇರೆ. ನಮಗೆ ಐದು ನಿಮಿಷ ಅನ್ನಿಸಿದ್ದು ಅವನಿಗೆ ಅರ್ಧ ಮ್ಯಾಚ್.

"ಏಳು ಗಂಟೆಗೆ ನಿಲ್ಲಿಸು" ಬದಲು "ಇನ್ನು ಒಂದು ಮ್ಯಾಚ್, ಆಮೇಲೆ ಆಫ್" ಅನ್ನಿ. ಆ ಮಾತು ಆಟ ಶುರುವಾಗುವ ಮುಂಚೆಯೇ ಆಗಿರಬೇಕು. ನಡುವೆ ಬದಲಾಗಬಾರದು, ನಿಮ್ಮಿಂದಲೂ. ನೆಂಟರು ಬಂದರು ಅಂತ ಮೂರು ಗಂಟೆ ಬಿಟ್ಟು, ಮರುದಿನ ಅರ್ಧ ಗಂಟೆಗೆ ಕಿರುಚಿದರೆ ನಿಯಮ ಯಾವುದು ಅಂತ ಅವನಿಗೆ ಹೇಗೆ ತಿಳಿಯಬೇಕು?

"ಅರ್ಧ ಗಂಟೆ ನುಡಿಸಿದ್ರೆ ಅರ್ಧ ಗಂಟೆ ಗೇಮ್ ಅಂತ ಲೆಕ್ಕ ಇಟ್ಟಿದೀವಿ. ಸರಿಯಾ?"

ಕೆಲಸ ನಡೆಯುತ್ತದೆ, ಸ್ವಲ್ಪ ದಿನ. ಆದರೆ ಮಗುವಿಗೆ ಅದು ಕೊಡುವ ಸಂದೇಶ ನೋಡಿ: ಸಂಗೀತ ಅಂದರೆ ದುಡಿತ, ಗೇಮ್ ಅಂದರೆ ಸಂಬಳ.

1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳನ್ನು ಆರಿಸಿಕೊಂಡು, ಕೆಲವರಿಗೆ ಮಾತ್ರ "ಬಿಡಿಸಿದರೆ ಬಹುಮಾನ" ಅಂತ ಮೊದಲೇ ಹೇಳಿದರು. ಕೆಲವು ದಿನ ಬಿಟ್ಟು ನೋಡಿದಾಗ ಆ ಮಕ್ಕಳು ತಾವಾಗಿ ಚಿತ್ರ ಬಿಡಿಸುವುದು ಕಮ್ಮಿಯಾಗಿತ್ತು. ಹೇಳದೆ ಬಹುಮಾನ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ.

"ಮೊದಲು ಇದು, ಆಮೇಲೆ ಅದು" ಅನ್ನುವ ದಿನಚರಿ ಬೇರೆ, "ಇದಕ್ಕೆ ಇಷ್ಟು" ಅನ್ನುವ ವ್ಯಾಪಾರ ಬೇರೆ. ಹಲ್ಲುಜ್ಜಿ ಆಮೇಲೆ ತಿಂಡಿ ತಿನ್ನುತ್ತೇವೆ. ಹಲ್ಲುಜ್ಜಿದ್ದಕ್ಕೆ ತಿಂಡಿ ಸಂಬಳ ಅಂತ ಯಾರೂ ತಿಳಿಯುವುದಿಲ್ಲ. ನಿಮಿಷದ ಲೆಕ್ಕ ಬಿಡಿ, ಕ್ರಮ ಉಳಿಸಿಕೊಳ್ಳಿ.

"ನಂಗೆ ಸ ರಿ ಗ ಮ ಕೂಡ ಗೊತ್ತಿಲ್ಲ. ಪಕ್ಕದಲ್ಲಿ ಕೂತು ಏನ್ಮಾಡ್ಲಿ?"

ಕೂರುವುದೇ ಕೆಲಸ. ಫೋನ್ ಬೇರೆ ಕೋಣೆಯಲ್ಲಿರಲಿ. ನೀವು ಫೋನ್ ನೋಡುತ್ತಾ ಮಗುವಿಗೆ ನುಡಿಸು ಅಂದರೆ ಅದು ನಗದೆ ಇರುತ್ತಾ? ಗೊತ್ತಿಲ್ಲದಿರುವುದು ಒಂದು ರೀತಿಯಲ್ಲಿ ಒಳ್ಳೆಯದೇ, ತಿದ್ದಲು ಹೋಗುವುದಿಲ್ಲ. "ಇವತ್ತು ಟೀಚರ್ ಎಲ್ಲಿ ಸರಿ ಮಾಡು ಅಂದ್ರು? ನಂಗೆ ತೋರ್ಸು" ಅನ್ನಿ. ನಿಮಗೆ ಹೇಳಿಕೊಡುವಾಗ ಅವಳಿಗೇ ತಿಳಿಯುತ್ತದೆ. ಕೊನೆಗೆ ನಿಮಗೆ ಇಷ್ಟವಾದ ಒಂದು ಹಾಡು ನುಡಿಸು ಅಂತ ಕೇಳಿ. ಪಾಠದ್ದು ಬೇಡ.

"ಶುರುವಿಂದ ಕೊನೆವರೆಗೆ ಮೂರು ಸಲ ನುಡಿಸಿ 'ಆಯ್ತು' ಅಂತ ಎದ್ದುಬಿಡ್ತಾನೆ. ಆದ್ರೆ ತಪ್ಪು ಅಲ್ಲೇ ಇರುತ್ತೆ."

ಎಲ್ಲ ಮಕ್ಕಳೂ ಹೀಗೇ. ಗ್ಯಾರಿ ಮೆಕ್‌ಫರ್ಸನ್ ಮತ್ತು ಜೊತೆಗಾರರು ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡುವುದನ್ನು ವಿಡಿಯೋದಲ್ಲಿ ಹಿಡಿದು ನೋಡಿದಾಗ, ಸಮಯದ 90%ಕ್ಕಿಂತ ಹೆಚ್ಚು ಸುಮ್ನೆ ಆ ಕಡೆಯಿಂದ ಈ ಕಡೆಗೆ ನುಡಿಸಿಕೊಂಡು ಹೋಗುವುದರಲ್ಲೇ ಕಳೆದಿತ್ತು. ತಪ್ಪಾದ ಜಾಗದಲ್ಲಿ ನಿಲ್ಲುವುದನ್ನು ಯಾರಾದರೂ ಕಲಿಸಬೇಕು.

ನಾನು ಮಾಡುವುದು ಹೀಗೆ. ಹಳೆ ಅಂಗಿಯ ಐದು ಗುಂಡಿ. ಐದನ್ನೂ ಎಡಗಡೆ ಇಡುತ್ತೇನೆ. ಕೈಕೊಡುವ ಜಾಗದ ನಾಲ್ಕೇ ಸ್ವರ ಆರಿಸುತ್ತೇವೆ, ಇಡೀ ಸಾಲಲ್ಲ. ತಪ್ಪೇ ಆಗದಷ್ಟು ನಿಧಾನ ಮಾಡುತ್ತೇವೆ. ಸರಿಯಾಗಿ ಬಂದರೆ ಒಂದು ಗುಂಡಿ ಬಲಕ್ಕೆ. ತಪ್ಪಿದರೆ ಬಲಕ್ಕೆ ಹೋದದ್ದರಲ್ಲಿ ಒಂದು ವಾಪಸ್ ಎಡಕ್ಕೆ. ಐದೂ ಬಲಕ್ಕೆ ಬಂದರೆ ವೇಗ ಒಂದು ಚೂರು ಏರುತ್ತದೆ. ನಾಲ್ಕನೇ ಗುಂಡಿ ದಾಟಿದ ಮೇಲೆ ಮಗುವಿನ ಮುಖ ನೋಡಬೇಕು ನೀವು. ನಾಲಿಗೆ ತುಟಿಯಂಚಿಗೆ ಬಂದಿರುತ್ತದೆ, ಉಸಿರು ಹಿಡಿದಿರುತ್ತದೆ. ಗೇಮ್ ಆಡುವಾಗ ಕಾಣುವ ಮುಖವೇ ಅದು.

ಮೇಲೆ ಹೇಳಿದ ಹುಡುಗಿ ಆ ಸಾಲನ್ನು ದಾಟಿದ್ದು ಈ ಗುಂಡಿಗಳಿಂದ. ಹನ್ನೊಂದು ದಿನ ಹಿಡಿಯಿತು.

ಇದಕ್ಕೆ ಆಧಾರವೂ ಇದೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರಾಬರ್ಟ್ ಡ್ಯೂಕ್ ಮತ್ತು ಸಂಗಡಿಗರು 17 ಪಿಯಾನೊ ವಾದಕರಿಗೆ ಒಂದು ಕಷ್ಟದ ತುಣುಕು ಕೊಟ್ಟು, ಮರುದಿನ ಪರೀಕ್ಷಿಸಿದರು. ಯಾರು ಎಷ್ಟು ಹೊತ್ತು, ಎಷ್ಟು ಸಲ ನುಡಿಸಿದರು ಅನ್ನುವುದು ಲೆಕ್ಕಕ್ಕೆ ಬರಲಿಲ್ಲ. ಚೆನ್ನಾಗಿ ನುಡಿಸಿದವರು ತಪ್ಪು ಮಾಡದೇ ಇದ್ದವರೂ ಅಲ್ಲ. ತಪ್ಪು ಎಲ್ಲಿ ಅಂತ ಸರಿಯಾಗಿ ಗುರುತಿಸಿ, ಅಲ್ಲೇ ನಿಂತು, ವೇಗ ಇಳಿಸಿ, ಸರಿಹೋಗುವವರೆಗೆ ಬಿಡದವರು.

"ಶ್ರುತಿ, ಮೆಟ್ರೋನೋಮ್ ಎಲ್ಲಾ ಟ್ಯಾಬ್‌ನಲ್ಲೇ ಇದೆ. ಅದನ್ನ ಕೊಟ್ರೆ ಎರಡನೇ ನಿಮಿಷಕ್ಕೆ ಗೇಮ್ ಓಪನ್."

ಬೇರೆ ಶ್ರುತಿಪೆಟ್ಟಿಗೆ, ಲಯಕ್ಕೆ ಟಕ್ ಟಕ್ ಅನ್ನುವ ಮೆಟ್ರೋನೋಮ್ ಬೇರೆಯೇ ತನ್ನಿ. ಆಗದಿದ್ದರೆ ಮನೆಯಲ್ಲಿ ಮೂಲೆ ಸೇರಿದ ಹಳೆ ಫೋನ್‌ನಲ್ಲಿ ಆ ಎರಡೇ ಆ್ಯಪ್ ಇಟ್ಟು, ಇಂಟರ್ನೆಟ್ ತೆಗೆದು ಕೊಡಿ.

"ಹೊಗಳಿದ್ರೆ ತಲೆಗೇರುತ್ತೆ ಅಂತ ಅವರ ತಾತ. ಹೊಗಳದಿದ್ರೆ ಮುಖ ಸಣ್ಣ ಮಾಡ್ಕೋತಾಳೆ. ಏನ್ಮಾಡೋದು?"

ತಾತನ ಮಾತಿನಲ್ಲಿ ಅರ್ಧ ಸತ್ಯ ಇದೆ. 1998ರಲ್ಲಿ ಕ್ಲಾಡಿಯಾ ಮ್ಯುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ ಪ್ರಕಟಿಸಿದ ಪ್ರಯೋಗಗಳಲ್ಲಿ "ನೀನು ಜಾಣ" ಅಂತ ಹೊಗಳಿಸಿಕೊಂಡ ಮಕ್ಕಳು ಮುಂದೆ ಕಷ್ಟದ ಒಗಟು ಬಂದಾಗ ಬೇಗ ಕೈಚೆಲ್ಲಿದರು. "ಚೆನ್ನಾಗಿ ಪ್ರಯತ್ನಪಟ್ಟೆ" ಅನ್ನಿಸಿಕೊಂಡವರು ಬಿಡಲಿಲ್ಲ. "ದೇವರು ಕೊಟ್ಟ ಕೈ" ಅಂತ ಬಂದವರ ಮುಂದೆಲ್ಲ ಹೇಳಬೇಡಿ. ಕೈ ತಪ್ಪಿದ ದಿನ ದೇವರು ವಾಪಸ್ ತಗೊಂಡ ಅನ್ನಿಸುತ್ತದೆ ಮಗುವಿಗೆ. "ಸೋಮವಾರ ಆ ಜಾಗದಲ್ಲಿ ಎಡವುತ್ತಿದ್ದೆ, ಇವತ್ತು ಎಡವಲಿಲ್ಲ" ಅನ್ನಿ. ಅದಕ್ಕೆ ನೀವು ಸೋಮವಾರ ಕೇಳಿಸಿಕೊಂಡಿರಬೇಕು, ಅಷ್ಟೇ ಕಷ್ಟ.

"ರಾತ್ರಿ ಹನ್ನೊಂದರವರೆಗೆ ಗೇಮ್. ನಿದ್ದೆ ಕೆಟ್ಟರೆ ಸಂಗೀತಕ್ಕೂ ತೊಂದ್ರೆನಾ?"

ಹೌದು, ನೇರವಾಗಿ. ಬೆರಳಿನ ಹೊಸ ಚಲನೆಯೊಂದನ್ನು ಕಲಿತ ಮೇಲೆ ಒಂದು ರಾತ್ರಿ ನಿದ್ದೆ ಮಾಡಿದರೆ, ಮತ್ತೆ ಅಭ್ಯಾಸ ಮಾಡದೆಯೇ ಅದರ ವೇಗ ಏರುತ್ತದೆ ಅಂತ ನಿದ್ದೆಯ ಸಂಶೋಧನೆಗಳು ತೋರಿಸಿವೆ. ಸಂಜೆ ಬಾರದ ತುಣುಕು ಬೆಳಿಗ್ಗೆ ಕೈಗೆ ಬಂದದ್ದು ನಮ್ಮೆಲ್ಲರ ಅನುಭವ. ಗೇಮ್ ತಿಂದದ್ದು ಪ್ರಾಕ್ಟೀಸ್ ಸಮಯವನ್ನಲ್ಲ, ನಿದ್ದೆಯನ್ನು ಅಂತಾದರೆ ಮೊದಲು ಸರಿಮಾಡಬೇಕಾದ್ದು ಅದು. ರಾತ್ರಿ ಎಲ್ಲರ ಫೋನೂ ಒಂದೇ ಕಡೆ ಚಾರ್ಜ್ ಆಗಲಿ, ಮಲಗುವ ಕೋಣೆಯ ಹೊರಗೆ.

## ಸ್ವಲ್ಪ ಗಟ್ಟಿಯಾದವು

"ಪಾಠದ್ದು ಬಿಟ್ಟು ಗೇಮ್ ಮ್ಯೂಸಿಕ್ಕೇ ನುಡಿಸ್ತಾ ಕೂರ್ತಾನೆ. ಬೈಯ್ಲಾ?"

ಅಯ್ಯೋ, ಬೇಡ! ಇಷ್ಟು ಹೊತ್ತು ನಾವು ಹುಡುಕುತ್ತಿದ್ದ ಸೇತುವೆ ಅದೇ. ಸ್ವರ ಬರೆದುಕೊಡದೆ, ಬರೀ ಕೇಳಿ, ವಾದ್ಯದಲ್ಲಿ ಹುಡುಕಿ ನುಡಿಸುವುದು ಕಿವಿಗೆ ಕೊಡುವ ದೊಡ್ಡ ವ್ಯಾಯಾಮ.

ಗೇಮ್ ಸಂಗೀತ ಅಂದರೆ ಬರೀ ಟುಯ್ ಟುಯ್ ಅಂತಲೂ ತಿಳಿಯಬೇಡಿ. ಟೆಟ್ರಿಸ್‌ನ ಪ್ರಸಿದ್ಧ ಧಾಟಿ ರಷ್ಯಾದ ಒಂದು ಹಳೆ ಹಾಡು. 1985ರ ಸೂಪರ್ ಮಾರಿಯೊಗೆ ಕೋಜಿ ಕೊಂಡೊ ಮಾಡಿದ ಸಂಗೀತವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2023ರಲ್ಲಿ ಉಳಿಸಿಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷದಿಂದ ಗ್ರ್ಯಾಮಿಯಲ್ಲೂ ಗೇಮ್ ಸಂಗೀತಕ್ಕೆ ಬೇರೆಯೇ ಪ್ರಶಸ್ತಿ ಇದೆ. ಯಾರೋ ಕೂತು, ಎಷ್ಟು ಸಲ ಮರುಕಳಿಸಿದರೂ ಬೇಜಾರಾಗದ ಧಾಟಿ ಬೇಕು ಅಂತ ತಲೆ ಕೆಡಿಸಿಕೊಂಡು ಮಾಡಿದ್ದು ಅದು.

ನನ್ನ ಶಿಷ್ಯನೊಬ್ಬನಿಗೆ, "ನಿನ್ನ ಗೇಮ್‌ನಲ್ಲಿ ಅಪಾಯ ಬಂದಾಗ ಸಂಗೀತದಲ್ಲಿ ಏನು ಬದಲಾಗುತ್ತೆ?" ಅಂತ ಕೇಳಿದೆ. ವಾರ ಬಿಟ್ಟು ಬಂದು, "ಟೀಚರ್, ಧಾಟಿ ಅದೇ, ವೇಗ ಎರಡರಷ್ಟು, ಕೆಳಗಿನ ಡ್ರಮ್ ಹೊಸದು" ಅಂದ. ಕಾಲಪ್ರಮಾಣದ, ಅಂದರೆ ವೇಗದ, ಪಾಠ ಅವತ್ತು ತಾನಾಗೇ ಆಯಿತು.

"ಗೇಮನ್ನ ಮನೆಯಿಂದ ಪೂರ್ತಿ ಕಿತ್ತುಹಾಕಿಬಿಡೋಣ ಅಂತಿದೀವಿ."

ಒಮ್ಮೆ ನಾನೇ ಆ ಸಲಹೆ ಕೊಟ್ಟಿದ್ದೆ, ಕಲಿಸಲು ಶುರುಮಾಡಿದ ಹೊಸತರಲ್ಲಿ. ಅವರು ಅಕ್ಷರಶಃ ಪಾಲಿಸಿದರು. ಹುಡುಗ ಒಂದು ತಿಂಗಳು ಬಂದ, ವಾದ್ಯ ಹಿಡಿದ, ಹೇಳಿದ್ದು ನುಡಿಸಿದ. ನನ್ನ ಮುಖ ನೋಡುತ್ತಿರಲಿಲ್ಲ. ಅವನ ಲೆಕ್ಕದಲ್ಲಿ ಗೇಮ್ ಕಿತ್ತುಕೊಂಡದ್ದು ವಯಲಿನ್. ಎರಡನೇ ತಿಂಗಳು ಬರಲಿಲ್ಲ. ಅವನ ಕಮಾನಿನ ಹದ ಈಗಲೂ ನನ್ನ ಕಿವಿಯಲ್ಲಿದೆ.

ಗೇಮ್ ಕಮ್ಮಿ ಮಾಡಲೇಬೇಕಾದರೆ ಮಾಡಿ. ಕಣ್ಣಿಗೆ, ನಿದ್ದೆಗೆ, ಓದಿಗೆ ಅಂತ ಅದರದೇ ಕಾರಣಕ್ಕೆ ಮಾಡಿ. ಆ ಮಾತಿನಲ್ಲಿ ಸಂಗೀತದ ಹೆಸರು ಬರದಿರಲಿ.

"ಇದು ಬರೀ ಆಸೆನಾ, ಚಟಾನಾ? ಯಾವಾಗ ಹೆದರಬೇಕು?"

ಪ್ರಾಕ್ಟೀಸ್ ತಪ್ಪಿಸಿದ್ದಕ್ಕೆ ಹೆದರಬೇಡಿ, ಅದು ಬಾಲ್ಯ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಸಮಸ್ಯೆಯನ್ನು ತನ್ನ ರೋಗಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ ಸೇರಿಸಿದೆ, ಅದು 2022ರ ಜನವರಿಯಿಂದ ಜಾರಿಯಲ್ಲಿದೆ. ಅವರು ನೋಡುವುದು ಮೂರನ್ನು: ಆಟದ ಮೇಲೆ ಹತೋಟಿ ಇಲ್ಲದಿರುವುದು, ಉಳಿದ ಎಲ್ಲದಕ್ಕಿಂತ ಆಟವೇ ಮುಂದಾಗುವುದು, ಕೆಡುಕು ಕಂಡರೂ ನಿಲ್ಲಿಸಲಾಗದಿರುವುದು. ಇದರಿಂದ ಓದು, ಮನೆ, ಸ್ನೇಹ ಕೆಡಬೇಕು. ಸಾಮಾನ್ಯವಾಗಿ ಇದು 12 ತಿಂಗಳಾದರೂ ಮುಂದುವರಿದಿರಬೇಕು. ಊಟ ಬಿಡುವುದು, ಶಾಲೆಗೆ ಹೋಗದಿರುವುದು, ಗೆಳೆಯರನ್ನು ಮರೆಯುವುದು ಕಂಡರೆ ವೈದ್ಯರ ಹತ್ತಿರ ಹೋಗಿ. ವರ್ಷ ತುಂಬಲಿ ಅಂತ ಕಾಯಬೇಡಿ. ಆ ಹೊತ್ತಿನಲ್ಲಿ ವಯಲಿನ್ ಚಿಂತೆ ಪಕ್ಕಕ್ಕಿರಲಿ.

"ಸಂಗೀತವನ್ನೇ ಬಿಡ್ತೀನಿ ಅಂತಿದಾಳೆ. ಬಿಡೋಕೆ ಬಿಡಬೇಕಾ?"

ಯಾವಾಗ ಹೇಳಿದಳು? ಬೈದ ಕೂಡಲೇ, ಅಥವಾ ಕಷ್ಟದ ಪಾಠದ ಮರುದಿನ ಹೇಳಿದ್ದರೆ ಅದು "ಸಾಕಾಯ್ತು" ಅನ್ನುವ ಮಾತು. ಒಂದು ತಿಂಗಳು ಹೊಸ ಪಾಠ ನಿಲ್ಲಿಸಿ, ಅವಳಿಗೆ ಬರುವುದನ್ನೇ ನುಡಿಸಲಿ. ಜೊತೆಗೆ ನುಡಿಸುವ ಇನ್ನೊಂದು ಮಗು ಸಿಕ್ಕರೆ ಅದಕ್ಕಿಂತ ಒಳ್ಳೆ ಮದ್ದಿಲ್ಲ. ಗೇಮ್‌ನಲ್ಲಿ ಗೆಳೆಯರಿದ್ದಾರೆ, ಪ್ರಾಕ್ಟೀಸ್‌ನಲ್ಲಿ ಅವಳೊಬ್ಬಳೇ, ಈ ವ್ಯತ್ಯಾಸ ನಾವು ಮರೆಯುತ್ತೇವೆ. ಸಮಸ್ಯೆ ಗುರುಗಳ ಜೊತೆಗೂ ಇರಬಹುದು. ಗುರುಗಳನ್ನು ಬದಲಾಯಿಸಿದ ಮೇಲೆ ಅರಳಿದ ಮಕ್ಕಳನ್ನು ನೋಡಿದ್ದೇನೆ. ನನ್ನನ್ನು ಬಿಟ್ಟು ಹೋಗಿ ಅರಳಿದವರೂ ಇದ್ದಾರೆ!

ಆರು ತಿಂಗಳಾದರೂ ಶಾಂತವಾಗಿ, ಸಿಟ್ಟಿಲ್ಲದೆ ಅದೇ ಮಾತು ಹೇಳುತ್ತಿದ್ದರೆ ಬಿಡಲಿ. ವಾದ್ಯ ಮಾತ್ರ ಮಾರಬೇಡಿ.

"ಇದು ಅಮ್ಮ ಕೇಳ್ಸಿದ್ದಲ್ಲ, ನಾನೇ ಕೇಳ್ತಿರೋದು. ನಂಗೆ 13. ಗೇಮೂ ಬೇಕು, ವಯಲಿನ್ನೂ ಬೇಕು. ಎರಡೂ ಆಗುತ್ತಾ?"

ಆಗುತ್ತೆ ಕಣೋ. ನೀನು ರ್‍ಯಾಂಕ್ ಏರಿಸೋಕೆ ಏನು ಮಾಡ್ತೀಯ? ಸೋತ ಮ್ಯಾಚನ್ನ ಮತ್ತೆ ನೋಡ್ತೀಯ, ಎಲ್ಲಿ ತಪ್ಪಿದೆ ಅಂತ ಹುಡುಕ್ತೀಯ, ಆ ಒಂದು ಜಾಗ ಮಾತ್ರ ಸರಿಮಾಡ್ಕೋತೀಯ. ಪೂರ್ತಿ ಗೇಮನ್ನ ಮೊದಲಿಂದ ಆಡಲ್ಲ ಅಲ್ವಾ? ವಯಲಿನ್‌ಗೂ ಹಾಗೇ ಮಾಡು. ನಾಳೆ ಗೇಮ್ ಆನ್ ಮಾಡುವ ಮುಂಚೆ, ನಿಂಗೆ ಕಿರಿಕಿರಿ ಮಾಡೋ ಒಂದೇ ಒಂದು ಸಾಲು ನುಡಿಸಿ ರೆಕಾರ್ಡ್ ಮಾಡು. ಕೇಳಿಸ್ಕೋ. ತಪ್ಪಿದ ಜಾಗ ಗುರುತು ಮಾಡು. ಅಲ್ಲಿ ಹತ್ತು ನಿಮಿಷ ಇರು, ನಿಧಾನಕ್ಕೆ. ಮತ್ತೆ ರೆಕಾರ್ಡ್ ಮಾಡು. ಎರಡೂ ಇಟ್ಕೊಂಡು ಶನಿವಾರ ಬಾ. ಮೊದಲನೇದನ್ನ ಅಳಿಸಿಹಾಕಬೇಡ, ನಂಗೆ ಅದೇ ಮೊದಲು ಬೇಕು.